ನಾಲ್ಕನೆಯ ಪ್ರಶ್ನೆಗೆ ಬಿದ್ದ ಅಂಕ

ಪೋರ್ಟರ್ ರ್ಯಾಂಚಿನಲ್ಲಿ ಲಾಸ್ ಏಂಜಲೀಸಿನ ಅಂಚಿಗೆ, ಗುಡ್ಡದ ಮೇಲಿನ ಹೊಸ ಮನೆಗಳ ಸಾಲು ಮುಗಿದು ಒಣಹುಲ್ಲು ಶುರುವಾಗುವ ಕಡೆ ಆ ಸಿನಗಾಗ್, ಯೆಹೂದಿಗಳ ಪ್ರಾರ್ಥನಾಮಂದಿರ, ಇತ್ತು. ಕೆಳಗಿನ ರಸ್ತೆಯಿಂದ ನೋಡಿದವರಿಗೆ ಯಾವುದೋ ಶಾಲೆಯ ಕಟ್ಟಡದಂತೆ ಕಾಣುತ್ತಿತ್ತು. ಅದರ ಹಿಂದೆ ಎರಡು ಕೋಣೆಯ ಒಂದು ಮನೆ, ಯೆಹೂದಿ ಸಭೆಯದೇ ಸ್ವತ್ತು. ಅಲ್ಲಿ ರಬ್ಬಿ ಪೆನೀನಾ ಶಾರ್ಫ್ ತನ್ನ ತಂದೆ ಝೆಲಿಗ್ ಜೊತೆ ಇದ್ದಳು. ಮುದುಕನಿಗೆ ಮರೆವಿನ ಕಾಯಿಲೆ. ಮಗಳ ಹೆಸರು ಒಂದು ದಿನ ನೆನಪಿದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ಆದರೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕೋಟು ತೊಟ್ಟು, ಹಿಂದಿನ ಬಾಗಿಲಿನಿಂದ ಹೊರಬಿದ್ದು, ನಿಂಬೆಗಿಡದ ಪಕ್ಕದ ಕಾಲುದಾರಿ ಹಿಡಿದು, ಸಭಾಂಗಣದ ಕೊನೆಯ ಬೆಂಚಿಗೆ ಬಂದು ಕೂರುವುದನ್ನು ಅವನ ಕಾಲುಗಳು ಮರೆತಿರಲಿಲ್ಲ. ಹಗ್ಗ ಬಿಚ್ಚಿದ ಎತ್ತು ತಾನಾಗಿಯೇ ಗೋದಲಿಯ ಮುಂದೆ ಹೋಗಿ ನಿಲ್ಲುತ್ತದಲ್ಲ, ಹಾಗೆ. ಇವರಿಗೆ ಜಾಗ ಬದಲಿಸಬೇಡಿ, ಬದಲಿಸಿದರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಪೆನೀನಾ ಕಾಯಂ ರಬ್ಬಿಯಾಗಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಸಹಾಯಕ ರಬ್ಬಿಯೆಂದು ಬಂದವಳು. ಎರಡು ಸಾವಿರದ ಇಪ್ಪತ್ತರಲ್ಲಿ ಕೊರೊನಾ ಬಂದಾಗ ದೊಡ್ಡ ರಬ್ಬಿ, ಆಸ್ತಮಾ ಇದ್ದ ವಯಸ್ಸಾದ ಮನುಷ್ಯ, ಮಗಳ ಮನೆಗೆಂದು ಹೋದವರು ಅಲ್ಲಿಂದಲೇ ನಿವೃತ್ತರಾದರು. ಎಲ್ಲ ಇವಳ ತಲೆಯ ಮೇಲೆ ಬಿತ್ತು. ಆ ಚಳಿಗಾಲದಲ್ಲಿ ಲಾಸ್ ಏಂಜಲೀಸಿನಲ್ಲಿ ಜನ ಹೇಗೆ ಸತ್ತರೆಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಸತ್ತವರನ್ನು ತೊಳೆದು, ಬಿಳಿಬಟ್ಟೆ ಉಡಿಸಿ ಕಳಿಸುವ ಕೆಲಸವನ್ನು ಆ ಸಭೆಯಲ್ಲಿ ನಾಲ್ಕಾರು ಮುದುಕಿಯರು ಮಾಡಿಕೊಂಡು ಬಂದಿದ್ದರು; ಅವರು ಹೆದರಿದರು. ಹೆದರಿದ್ದರಲ್ಲಿ ತಪ್ಪಿರಲಿಲ್ಲ. ತೊಳೆಯಲು ಬಿಟ್ಟ ಕಡೆ ಪೆನೀನಾ ತೊಳೆದಳು. ಚೀಲದ ಜಿಪ್ ತೆಗೆಯಲು ಬಿಡದ ಕಡೆ ಚೀಲದ ಪಕ್ಕ ನಿಂತು, ತೊಳೆದರೆ ಹೇಳಬೇಕಾದ ಮಾತನ್ನೆಲ್ಲ ಹೇಳಿದಳು.

ಎರಡು ವರ್ಷ ಹೀಗೇ ನಡೆದು, ಜನ ಮತ್ತೆ ಮಾಸ್ಕ್ ತೆಗೆದು ಬೆಂಚಿನ ಮೇಲೆ ಕೂರತೊಡಗಿದ ಮೇಲೆ, ಇನ್ನು ಕಾಯಂ ರಬ್ಬಿಯನ್ನು ಆರಿಸಿಕೊಳ್ಳೋಣ ಎಂದು ಸಭೆ ಒಂದು ಸಮಿತಿ ಮಾಡಿತು. ಪೆನೀನಾಳೂ ಅರ್ಜಿ ಹಾಕಿದಳು. ಕೆಲಸ ಸಿಕ್ಕರೆ ಮನೆ ಉಳಿಯುತ್ತಿತ್ತು. ಮನೆ ಉಳಿದರೆ ಅಪ್ಪನ ಕಾಲಿಗೆ ದಾರಿ ಉಳಿಯುತ್ತಿತ್ತು.

ಸಮಿತಿಯಲ್ಲಿ ಕುಮುದಾಳನ್ನೂ ಹಾಕಿಕೊಂಡರು. ಕುಮುದಾ ಬ್ಯಾಡಗಿಯ ಹತ್ತಿರದ ಹಳ್ಳಿಯವಳು. ಫಾರ್ಮಸಿ ಓದಲು ಬಂದು, ನೇಥನ್ ಜಕರ್ ಎಂಬವನನ್ನು ಮದುವೆಯಾಗಿ, ಮಗಳು ಪ್ರಣತಿ ಹುಟ್ಟುವ ಮೊದಲು ಗಂಡನ ಧರ್ಮಕ್ಕೆ ಸೇರಿದ್ದಳು. ಹಾಗೆ ಸೇರಿದವರನ್ನು ನೀನು ಹೊರಗಿನಿಂದ ಬಂದವಳು ಎಂದು ಎತ್ತಿ ಆಡಬಾರದೆಂದು ಅವರಲ್ಲಿ ಕಟ್ಟಳೆಯಿದೆ. ಯಾರೂ ಎತ್ತಿ ಆಡುತ್ತಿರಲಿಲ್ಲ. ಆದರೆ ಸಭೆಯ ಯಾವ ಫೋಟೋ ತೆಗೆದರೂ ಅವಳನ್ನು ಕರೆದು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು.

"ಏನ್ ತಂಗಿ, ನಿಮ್ಮ ಮಠಕ್ಕ ಮರಿ ಸಿಕ್ಕನೇನು?" ಎಂದು ಅಣ್ಣ ಸಂಗಮೇಶ ಸ್ಯಾನ್ ಡಿಯೇಗೋದಿಂದ ಫೋನ್ ಮಾಡಿದಾಗಲೆಲ್ಲ ಕಾಡುತ್ತಿದ್ದ. ಅವನು ಅಲ್ಲಿ ಟೆಲಿಕಾಂ ಎಂಜಿನಿಯರು.

"ಮಠ ಅಲ್ಲೋ ಅಣ್ಣಾ. ರಬ್ಬಿ ಅಂದ್ರ ಸ್ವಾಮೀನೂ ಅಲ್ಲ, ಪೂಜಾರೀನೂ ಅಲ್ಲ. ಓದಿದವರು. ಪಾಠ ಹೇಳ್ತಾರ, ಲಗ್ನ ಮಾಡಸ್ತಾರ, ಮಣ್ಣು ಮಾಡಸ್ತಾರ, ಜಗಳ ಬಿಡಸ್ತಾರ. ನಮ್ಮಲ್ಲಿ ಹೆಣ್ಮಕ್ಕಳೂ ಆಗ್ತಾರ."

"ಪಾದಪೂಜಿ?"

"ಅದೇನಿಲ್ಲ. ಕಾಂಟ್ರಾಕ್ಟ್ ಇರ್ತೈತಿ."

"ಹಂಗಾರ ಪಾದ ನೋಡೂದ್ರಾಗ ಲಾಭಿಲ್ಲ. ಅಪ್ಪ ಸಂತ್ಯಾಗ ಎತ್ತಿನ ಹಲ್ಲು ಹಿಡದು ನೋಡ್ತಿದ್ದನಲ್ಲ, ಹಂಗ ಹಲ್ಲು ನೋಡ್ರಿ."

"ಅದಕ್ಕ ನಮ್ಮ ಅಧ್ಯಕ್ಷರದಾರ. ಹಲ್ಲಿನ ಡಾಕ್ಟರು."

ಅಧ್ಯಕ್ಷ ಹರ್ಷೆಲ್ ವೈಸ್ ನಿಜವಾಗಿಯೂ ನಿವೃತ್ತ ದಂತವೈದ್ಯ. ಬಿಳಿಗಡ್ಡ, ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಸದಾ ಬಾದಾಮಿಯ ಪುಟ್ಟ ಡಬ್ಬಿ. ಸಮಿತಿ ಮೊದಲ ಸಲ ಕೂತಾಗ ಅವನು, ನಿಮಗೆ ಎಂಥ ರಬ್ಬಿ ಬೇಕು ಎಂದು ಮನೆಮನೆಗೆ ಕೇಳಿ ತರಿಸಿದ್ದ ಉತ್ತರಗಳನ್ನು ಓದಿ ಹೇಳಿದ. ಇಸ್ರೇಲಿನ ವಿಷಯ ಧೈರ್ಯವಾಗಿ ಮಾತಾಡುವವರು ಬೇಕೆಂದು ಕೆಲವರು, ಅದರ ಸುದ್ದಿಯನ್ನೇ ಎತ್ತದವರು ಬೇಕೆಂದು ಕೆಲವರು. ಉಪದೇಶ ಊಟ ತಣ್ಣಗಾಗುವ ಮುಂಚೆ ಮುಗಿಯಬೇಕು. ಗಿಟಾರ್ ಬಂದರೆ ಒಳ್ಳೆಯದು. ಒಬ್ಬರಂತೂ ಪಾರ್ಕಿಂಗ್ ಸಾಲದು ಎಂದಷ್ಟೇ ಬರೆದಿದ್ದರು. ಎಲ್ಲರೂ ನಕ್ಕರು. ಹೆಚ್ಚುಕಡಿಮೆ ಎಲ್ಲ ಮನೆಯವರೂ ಬರೆದಿದ್ದ ಮಾತು ಒಂದೇ: ಕಷ್ಟಕಾಲದಲ್ಲಿ ನಮ್ಮ ಪಕ್ಕದಲ್ಲಿರುವವರು ಬೇಕು.

"ಇದು ಮುಖ್ಯ," ಎಂದ ಹರ್ಷೆಲ್. "ಇದನ್ನು ಸಂದರ್ಶನದಲ್ಲಿ ಒಂದು ಪ್ರಶ್ನೆಯಾಗಿಯೇ ಇಡೋಣ."

ಇಟ್ಟರು. ಅದು ನಾಲ್ಕನೆಯ ಪ್ರಶ್ನೆಯಾಯಿತು. ಯಾರಿಗೂ ಅನ್ಯಾಯವಾಗಬಾರದೆಂದು ಒಂದು ನಿಯಮವನ್ನೂ ಮಾಡಿಕೊಂಡರು: ಬಂದ ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಕೋಣೆಯಲ್ಲಿ ಕೊಟ್ಟ ಉತ್ತರಕ್ಕಷ್ಟೇ ಅಂಕ. ಹೊರಗೆ ಗೊತ್ತಿದ್ದದ್ದನ್ನು ಒಳಗೆ ತರಬಾರದು. ಈ ನಿಯಮ ಸೂಚಿಸಿದವಳು ಗೇಲ್ ಪೆಟ್ರಾಕ್, ಮನೆ ಮಾರಿಸುವ ಏಜೆಂಟು. "ಪೆನೀನಾ ಒಳಗಿನವಳು ಅಂತ ನಾವು ಪಕ್ಷಪಾತ ಮಾಡಿದ ಹಾಗಾಗಬಾರದು," ಎಂದಳು. ಒಪ್ಪಬೇಕಾದ ಮಾತೇ. ಎಲ್ಲರೂ ಒಪ್ಪಿದರು.

ಅರ್ಜಿಗಳಲ್ಲಿ ಉಳಿದದ್ದು ಎರಡು. ಒಂದು ಪೆನೀನಾಳದು, ಇನ್ನೊಂದು ಸ್ಯಾನ್ ಡಿಯೇಗೋದ ಎಝ್ರಾ ಕಪೆಲ್ ಎಂಬವನದು. ದೂರದ ಅಭ್ಯರ್ಥಿಯನ್ನು ಕರೆಸುವ ಮೊದಲು ಇಬ್ಬರು ಸದ್ದಿಲ್ಲದೆ ಹೋಗಿ, ಅವನು ತನ್ನ ಜನರ ನಡುವೆ ಹೇಗಿದ್ದಾನೆಂದು ನೋಡಿಬರುವುದು ವಾಡಿಕೆ. ಅಣ್ಣನ ಮನೆ ಅಲ್ಲೇ ಇತ್ತೆಂದು ಕುಮುದಾಳನ್ನೂ, ಕಾರು ದೊಡ್ಡದಿತ್ತೆಂದು ಗೇಲಳನ್ನೂ ಕಳಿಸಿದರು.

ಶುಕ್ರವಾರ ಸಂಜೆಯ ಪ್ರಾರ್ಥನೆಯನ್ನು ಕಪೆಲ್ ಸಮುದ್ರ ಕಾಣುವ ಹುಲ್ಲುಹಾಸಿನ ಮೇಲೆ ನಡೆಸುತ್ತಿದ್ದ. ತೆಳ್ಳಗಿನ ಆಳು, ಬರಿಗಾಲು. ಗಿಟಾರು ಇತ್ತು. ಮಕ್ಕಳು ಅವನ ಸುತ್ತ ಕೋಳಿಮರಿಗಳ ಹಾಗೆ ಸುತ್ತಿದರು. ಹಾಡು ಚೆನ್ನಾಗಿತ್ತು, ಗಾಳಿಗೆ ಕುಮುದಾಳ ಕಣ್ಣಲ್ಲಿ ನೀರು ಬಂದು, ಅದು ಹಾಡಿಗೇ ಬಂದದ್ದೆಂದು ಅವಳೂ ನಂಬಿದಳು. ಪ್ರಣತಿಗೆ ಹದಿಮೂರು ತುಂಬಲು ಒಂದು ವರ್ಷವಿತ್ತು. ಆ ವಯಸ್ಸಿಗೆ ಅವರಲ್ಲಿ ಎಲ್ಲ ಮಕ್ಕಳೂ ಮಾಡುವಂತೆ ಅವಳು ಮೊದಲ ಸಲ ಎಲ್ಲರ ಮುಂದೆ ನಿಂತು ಧರ್ಮಗ್ರಂಥ ಓದುವ ದಿನ, ಪಕ್ಕದಲ್ಲಿ ಇಂಥವನೊಬ್ಬ ನಿಂತರೆ ಹೇಗಿರುತ್ತದೆ ಎಂದು ಯೋಚಿಸಿದಳು.

ಪ್ರಾರ್ಥನೆ ಮುಗಿದ ಮೇಲೆ ಜನ ದ್ರಾಕ್ಷಿರಸ ಹಿಡಿದು ನಿಂತಿದ್ದರು. ಕುರ್ಚಿಗಳ ಹಿಂದೆ ಒಬ್ಬ ಮುದುಕ ಕಾಗದದ ಲೋಟ ಹಿಡಿದು ಕಪೆಲ್‌ಗಾಗಿ ಕಾಯುತ್ತಿದ್ದ. ಲೋಟ ಖಾಲಿಯಾಗಿ ಬಹಳ ಹೊತ್ತಾಗಿತ್ತು. ಕಪೆಲ್ ಬಂದ, ಮುದುಕನ ಭುಜವನ್ನು ಎರಡೂ ಕೈಯಲ್ಲಿ ಹಿಡಿದ. "ಆರ್ನಲ್ಡ್! ನಿಮ್ಮದೇ ಯೋಚನೆ ನನಗೆ. ಈ ವಾರ ಆಫೀಸಿಗೆ ಫೋನ್ ಮಾಡಿ, ಆಯಿತಾ?" ಎಂದವನು, ಆ ಕೈ ತೆಗೆಯುವ ಮೊದಲೇ ಮುಂದಿನವರ ಕಡೆ ನಗುತ್ತಿದ್ದ.

ಮುದುಕ ಲೋಟ ಎಲ್ಲಿಡಬೇಕೆಂದು ತಿಳಿಯದೆ ಕುಮುದಾಳ ಕಡೆ ನೋಡಿದ. "ಒಳ್ಳೆಯವನು," ಎಂದ. "ತುಂಬಾ ಬ್ಯುಸಿ. ನನ್ನ ಹೆಂಡತಿ ಹೋಗಿ ತಿಂಗಳಾಯಿತು. ಅವಳಿಗೆ ಇವನ ಹಾಡೆಂದರೆ ಇಷ್ಟ."

ಆ ರಾತ್ರಿ ಅಣ್ಣನ ಮನೆಯಲ್ಲಿ ರೊಟ್ಟಿ ತಿನ್ನುತ್ತ ಕುಮುದಾ ಇದನ್ನು ಹೇಳಿದಳು. ಸಂಗಮೇಶ ಕೈ ನೆಕ್ಕಿಕೊಂಡು, "ಹಂಗಾರ ಇಂವ ಮದಿವಿ ಮನ್ಯಾಂವ. ಆಕಿ, ನಿಮ್ಮ ಪೆನೀನಾ, ಸಾವಿನ ಮನ್ಯಾಕಿ. ಎರಡೂ ಬೇಕಲ್ಲ ಊರಿಗೆ," ಎಂದ.

"ಒಬ್ಬರನ್ನ ಆರಸ್ಬೇಕು."

"ಯಾರನ್ನ ಆರಸ್ತಾರ ಅಂತ ನಾ ಈಗಽ ಹೇಳ್ತೀನಿ ನೋಡು."

ಕುಮುದಾಳಿಗೆ ಊರು ನೆನಪಾಯಿತು. ಅಲ್ಲಿ ಸಾವಿನ ಕೆಲಸಕ್ಕೆ ಕರೆಸುವ ಜನ ಬೇರೆಯೇ ಇದ್ದರು. ಸಾವಿಗೆ ಓಡಿ ಬರಬೇಕು. ಮದುವೆಯ ದಿನ ಮಾತ್ರ ಅವರಿಗೆ ಅಂಗಳದ ಆಚೆ ಎಲೆ. ಅದನ್ನೆಲ್ಲ ಬಿಟ್ಟು ಬಹಳ ದೂರ ಬಂದೆನೆಂದು ಅವಳು ತಿಳಿದಿದ್ದಳು.

ಭಾನುವಾರ ವಾಪಸು ಬರುವಾಗ ಗೇಲ್ ಉತ್ಸಾಹದಲ್ಲಿದ್ದಳು. ಫ್ರೀವೇ ಮೇಲೆ ಕಾರು ನಿಂತುನಿಂತು ಹೋಗುತ್ತಿತ್ತು. "ಆ ಮುದುಕನನ್ನು ಹೇಗೆ ಸಂಭಾಳಿಸಿದ ನೋಡಿದೆಯಾ? ಕ್ಷಣದಲ್ಲಿ! ಬೇಜಾರೂ ಮಾಡಲಿಲ್ಲ, ಸಿಕ್ಕಿಹಾಕಿಕೊಳ್ಳಲೂ ಇಲ್ಲ. ಅದು ಕಲಿಸಿದರೆ ಬರುವುದಲ್ಲ, ಕುಮುದಾ."

"ಹೌದು," ಎಂದಳು ಕುಮುದಾ.

ಗೇಲ್ ಕಾರನ್ನು ಪಕ್ಕದ ಸಾಲಿಗೆ ತಿರುಗಿಸಿದಳು. ಮತ್ತೆ, "ಪೆನೀನಾ ದೇವತೆ. ನಾನು ಅಲ್ಲ ಅನ್ನುವುದಿಲ್ಲ. ಆದರೆ ಅವಳ ಮುಖ ನೋಡಿದರೆ ನನಗೆ ಆಸ್ಪತ್ರೆಯ ಕಾರಿಡಾರಿನ ವಾಸನೆ ಬರುತ್ತದೆ. ನಿನಗೆ ಬರುವುದಿಲ್ಲವಾ?" ಎಂದಳು.

ಗೇಲ್ ಯಾಕೆ ಹಾಗೆಂದಳೆಂದು ಕುಮುದಾಳಿಗೆ ಗೊತ್ತಿರಲಿಲ್ಲ. ಗೇಲಳ ತಂದೆ ಕೊನೆಯುಸಿರಿನಲ್ಲಿದ್ದಾಗ, ಇನ್ನು ಯಂತ್ರ ತೆಗೆಯಿರಿ ಎಂದು ಸಹಿ ಹಾಕಿದವಳು ಗೇಲ್. ಆಮೇಲೆ, ಡಾಕ್ಟರೇ ತೀರ್ಮಾನ ಮಾಡಿದರೆಂದು ತನ್ನ ತಮ್ಮಂದಿರಿಗೆ ಹೇಳಿ ಎಂದು ಪೆನೀನಾಳ ತೋಳು ಹಿಡಿದು ಬೇಡಿದ್ದಳು. ಪೆನೀನಾ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ತಮ್ಮಂದಿರ ಮುಂದೆ ಸುಮ್ಮನೆ ನಿಂತಳು. ಡಾಕ್ಟರದೇ ತೀರ್ಮಾನವೆಂದು ಅವರು ತಿಳಿದರು; ಗೇಲಳಿಗೆ ಬೇಕಾಗಿದ್ದದ್ದು ಸಿಕ್ಕಿತು. ಹಾಗೆಯೇ, ಹರ್ಷೆಲ್‌ನ ಹೆಂಡತಿ ರೋಸಲಿನ್ ಆಸ್ಪತ್ರೆಯಲ್ಲಿದ್ದಾಗ, ರಕ್ಷಣೆಯ ಉಡುಪು ಹಾಕಿಕೊಂಡು ಒಬ್ಬರು ಒಳಗೆ ಬರಬಹುದೆಂದು ನರ್ಸು ಕರೆದಳು. ಹರ್ಷೆಲ್ ಪಾರ್ಕಿಂಗಿನಲ್ಲಿ ತನ್ನ ಕಾರಿನ ಬಾಗಿಲು ತೆಗೆಯಲಿಲ್ಲ. ಗಾಜು ಇಳಿಸಿ, ಹೊರಗೆ ನಿಂತಿದ್ದ ಪೆನೀನಾಳಿಗೆ, ನೀವು ಹೋಗಿ, ನೀವು ಹೋಗಿ ಎಂದ. ಪೆನೀನಾ ಹೋದಳು. ರೋಸಲಿನ್ ಕಣ್ಣು ಮುಚ್ಚುವಾಗ ಹಿಡಿದಿದ್ದದ್ದು ಪೆನೀನಾಳ ಗ್ಲೌಸು ಹಾಕಿದ ಕೈ. ಇದು ಅವರಿಬ್ಬರನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಹರ್ಷೆಲ್ ಪ್ರತಿ ಶನಿವಾರ ಪ್ರಾರ್ಥನೆಯಲ್ಲಿ ಅವಳ ಎದುರಿಗೆ ಕೂರಬೇಕಾಗಿತ್ತು.

ಕುಮುದಾಳಿಗೂ ಒಂದಿತ್ತು. ಇಪ್ಪತ್ತೊಂದರ ಮೇ ತಿಂಗಳಲ್ಲಿ ಊರಲ್ಲಿ ಅವ್ವ ತೀರಿಕೊಂಡಳು. ವಿಮಾನ ಇರಲಿಲ್ಲ. ಚಿಕ್ಕಪ್ಪ ಹೊಲದಲ್ಲಿ ನಿಂತು ಫೋನ್ ಹಿಡಿದ. ಕುಣಿಗೆ ಇಳಿಸುವಾಗ ನೆಟ್‌ವರ್ಕ್ ಹೋಯಿತು. ಕುಮುದಾ ಸಿನಗಾಗಿಗೆ ಹೋದಳು. ಯಾಕೆ ಅಲ್ಲಿಗೇ ಹೋದಳೋ ತಿಳಿಯದು. ಪೆನೀನಾಳ ಆಫೀಸಿನ ನೆಲದ ಮೇಲೆ ಕೂತು, ಹಣೆ ಚಚ್ಚಿಕೊಂಡು ಅತ್ತಳು. ಅಳುತ್ತ ಹೇಳಬಾರದ್ದು ಹೇಳಿದಳು. ಧರ್ಮಕ್ಕೆ ಸೇರುವ ದಿನ ಮೂವರು ರಬ್ಬಿಗಳ ಮುಂದೆ ನಾನು ನಿಮ್ಮ ದೇವರು ನನ್ನ ದೇವರು ಅಂದದ್ದು ಸುಳ್ಳು. ನೇಥನ್‌ನ ತಾಯಿ ಮನೆಗೆ ಸೇರಿಸಲೆಂದು ಅಂದೆ. ನನಗೆ ಈಗ ನನ್ನ ಅವ್ವನ ಹಣೆಯ ವಿಭೂತಿ ಬೇಕು, ನಿಮ್ಮದು ಯಾವುದೂ ಬೇಡ. ಪೆನೀನಾ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು, ಯಾರೂ ಒಳಗೆ ಬರದಂತೆ ಕತ್ತಲಾಗುವವರೆಗೆ ಹೊರಗೇ ನಿಂತಿದ್ದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಎತ್ತದೆ ಇದ್ದದ್ದೇ ಕುಮುದಾಳಿಗೆ ಮುಳ್ಳಾಯಿತು. ಆ ಹೆಂಗಸು ಎದುರಿಗೆ ಬಂದರೆ ತನ್ನ ಒಳಗಿನ ಲಂಗ ಕಾಣುತ್ತಿದೆಯೇನೋ ಎಂಬಂತೆ ಮುದುಡುತ್ತಿದ್ದಳು.

ಸಂದರ್ಶನಕ್ಕೆ ಮೊದಲಿಗೆ ಬಂದವನು ಕಪೆಲ್. ಎಲ್ಲ ಪ್ರಶ್ನೆಗಳಿಗೂ ಚೆನ್ನಾಗಿ ಉತ್ತರ ಕೊಟ್ಟ. ಕಷ್ಟದಲ್ಲಿರುವ ಕುಟುಂಬದ ಪಕ್ಕದಲ್ಲಿ ನೀವು ಹೇಗೆ ನಿಂತಿದ್ದೀರಿ, ಒಂದು ಉದಾಹರಣೆ ಕೊಡಿ ಎಂದು ಹರ್ಷೆಲ್ ನಾಲ್ಕನೆಯದನ್ನು ಓದಿದಾಗ, ಕಪೆಲ್ ಸ್ವಲ್ಪ ತಲೆತಗ್ಗಿಸಿ ಕೂತ. ಮತ್ತೆ ತನ್ನ ಸಭೆಯ ಆರ್ನಲ್ಡ್ ಎಂಬ ಹಿರಿಯರ ಕತೆ ಹೇಳಿದ. ಅವರ ಹೆಂಡತಿ ತೀರಿಕೊಂಡದ್ದು, ಅವರಿಗೆ ಮಾತು ನಿಂತುಹೋದದ್ದು, ಆಕೆಗೆ ಇಷ್ಟವಾಗಿದ್ದ ಹಾಡನ್ನು ತಾನು ಅವರ ಅಡುಗೆಮನೆಯಲ್ಲಿ ಕೂತು ಮೆಲ್ಲಗೆ ಹಾಡಿದ್ದು, ಮುದುಕ ಮಗುವಿನ ಹಾಗೆ ಅತ್ತು ತನ್ನ ಅಂಗಿ ನೆನೆಸಿದ್ದು. ಹೇಳುತ್ತ ಅವನ ಕಣ್ಣೂ ತುಂಬಿತು. ಗೇಲ್ ಮೂಗು ಒರೆಸಿಕೊಂಡಳು. ಆ ಹುಲ್ಲುಹಾಸಿನ ಸಂಜೆಯ ನಂತರ ಕಪೆಲ್ ನಿಜವಾಗಿಯೂ ಆ ಅಡುಗೆಮನೆಗೆ ಹೋಗಿದ್ದರೂ ಹೋಗಿರಬಹುದು. ಕುಮುದಾ ಕೇಳಲಿಲ್ಲ. ಕೇಳಲು ನಿಯಮವೂ ಇರಲಿಲ್ಲ.

ಮುಂದಿನ ಭಾನುವಾರ ಪೆನೀನಾ ಬಂದಳು. ಹಿಂದಿನ ಮನೆಯಿಂದ ನಡೆದು ಬಂದರೂ ಸಭಾಂಗಣವನ್ನು ಸುತ್ತುಹಾಕಿ ಮುಂಬಾಗಿಲಿನಿಂದ ಬಂದಳು, ಹೊರಗಿನವರ ಹಾಗೆ. ಹೊಸ ಕೋಟು ತೊಟ್ಟಿದ್ದಳು. ತೋಳು ಸ್ವಲ್ಪ ಉದ್ದವಾಗಿತ್ತು.

"ನಿಮ್ಮ ಬಗ್ಗೆ ನಮಗೆ ತಿಳಿಸಿ," ಎಂದ ಹರ್ಷೆಲ್, ಕಾಗದ ನೋಡಿಕೊಂಡು.

ಅವಳು ತಿಳಿಸಿದಳು. ಎಲ್ಲಿ ಹುಟ್ಟಿದೆ, ಎಲ್ಲಿ ಓದಿದೆ. ಎರಡನೆಯದಕ್ಕೂ ಮೂರನೆಯದಕ್ಕೂ ಉತ್ತರಿಸಿದಳು. ದನಿ ಸಣ್ಣದು. ಜೋನಾ ಬ್ಲೂಮ್ ಎಂಬ ಯುವಕ ಮೇಜಿನ ತುದಿಯಲ್ಲಿದ್ದವನು ಕೇಳಿಸಲಿಲ್ಲವೆಂದು ಎರಡು ಸಲ ಮುಂದಕ್ಕೆ ಬಾಗಿದ. ಅವನು ಹಿಂದಿನ ವರ್ಷವಷ್ಟೇ ಟೊರೆನ್ಸ್‌ನಿಂದ ಈ ಕಡೆ ಮನೆ ಬದಲಿಸಿ ಬಂದವನು. ಚಿಕ್ಕ ಮಕ್ಕಳಿದ್ದರು, ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಹರ್ಷೆಲ್ ನಾಲ್ಕನೆಯ ಪ್ರಶ್ನೆ ಓದಿದ. ಓದುವಾಗ ಅವನ ಕಣ್ಣು ಕಾಗದ ಬಿಟ್ಟು ಮೇಲಕ್ಕೆ ಏಳಲಿಲ್ಲ.

ಪೆನೀನಾ ಮೇಜಿನ ಸುತ್ತ ಒಮ್ಮೆ ನೋಡಿದಳು. ಹರ್ಷೆಲ್ ಬಾದಾಮಿಯ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಗೇಲ್ ಕಿಟಕಿಯ ಕಡೆ ನೋಡುತ್ತಿದ್ದಳು. ಕುಮುದಾ ತನ್ನ ಪೆನ್ನನ್ನು ನೋಡುತ್ತಿದ್ದಳು. ಉತ್ತರವೆಲ್ಲ ಆ ಮೇಜಿನ ಸುತ್ತಲೇ ಕೂತಿತ್ತು. ಬಾಯಿಬಿಟ್ಟರೆ ಯಾರದೋ ಒಬ್ಬರ ಮಾನ ಹೋಗಬೇಕು. ಹೆಸರು ಹೇಳದೆ ಹೇಳಿದರೂ ಆ ಒಬ್ಬರಿಗೆ ತಿಳಿಯುತ್ತಿತ್ತು. ತನ್ನದನ್ನು ಹೇಳಿಬಿಟ್ಟರೆ ಎಂದು ಕುಮುದಾ ಹೆದರಿದಳು. ಹರ್ಷೆಲ್ ತನ್ನದನ್ನೆಂದು ಹೆದರಿದ.

"ನಾನು ವಿದ್ಯಾರ್ಥಿಯಾಗಿದ್ದಾಗ," ಎಂದು ಪೆನೀನಾ ಶುರುಮಾಡಿದಳು, "ಸ್ಯಾನ್ ಡಿಯೇಗೋದಲ್ಲಿ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆ. ನೌಕಾಪಡೆಯ ಒಬ್ಬ ಮುದುಕ. ಅವನಿಗೆ ಪ್ರಾರ್ಥನೆ ಬೇಡವಾಗಿತ್ತು. ಬೇಸ್‌ಬಾಲ್ ಸ್ಕೋರು ಓದಿ ಹೇಳು ಅನ್ನುತ್ತಿದ್ದ. ಓದಿ ಹೇಳುತ್ತಿದ್ದೆ."

ಎಲ್ಲರೂ ಮುಂದಿನದಕ್ಕೆ ಕಾದರು. ಮುಂದಿನದು ಇರಲಿಲ್ಲ.

"ಅದು ಬಹಳ ಹಿಂದಿನದಲ್ಲವೇ," ಎಂದ ಜೋನಾ. ಅವನಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸಿತ್ತು. "ಇತ್ತೀಚಿನದು ಒಂದು? ಇಲ್ಲಿಯದೇ? ಈ ಎರಡು ವರ್ಷದಲ್ಲಿ ಏನಾದರೂ ಇದ್ದೇ ಇರಬೇಕಲ್ಲ."

"ಇಲ್ಲ," ಎಂದಳು ಪೆನೀನಾ. "ಹೇಳುವಂಥದ್ದು ಯಾವುದೂ ಇಲ್ಲ."

ಹರ್ಷೆಲ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಐದನೆಯ ಪ್ರಶ್ನೆಗೆ ಹೋದ.

ಅವಳು ಹೊರಗೆ ಹೋದ ಮೇಲೆ ಅಂಕ ಹಾಕಲು ಕೂತರು. ಒಂದೊಂದು ಪ್ರಶ್ನೆಗೆ ಹೆಚ್ಚೆಂದರೆ ಐದು ಅಂಕ.

"ನಾಲ್ಕನೆಯದು ನನಗೆ ಅರ್ಥವಾಗಲಿಲ್ಲ," ಎಂದ ಜೋನಾ. "ಕಪೆಲ್ ಎಷ್ಟು ವಿವರವಾಗಿ ಹೇಳಿದ! ಇವರು ಇಷ್ಟು ವರ್ಷ ಇಲ್ಲೇ ಇದ್ದು ಒಂದು ಉದಾಹರಣೆ ಕೊಡಲು ಆಗಲಿಲ್ಲ ಅಂದರೆ? ಜನರ ಜೊತೆ ಅಷ್ಟಾಗಿ ಬೆರೆಯುವುದಿಲ್ಲವೋ ಏನೋ. ನಾನು ಹೊಸಬ. ನಿಮಗೆ ಗೊತ್ತಿರಬೇಕು."

ಅವನು ಒಬ್ಬೊಬ್ಬರ ಮುಖ ನೋಡಿದ. ಹರ್ಷೆಲ್ ಹೇಳಲಿ ಎಂದು ಕುಮುದಾ ಕಾದಳು. ಹಿರಿಯ, ಅಧ್ಯಕ್ಷ, ಅವನು ಒಂದು ಮಾತೆತ್ತಿದರೆ ತಾನೂ ಎತ್ತುತ್ತಿದ್ದಳು. ಹರ್ಷೆಲ್ ಬಾದಾಮಿ ಅಗಿದ. ಅಗಿಯುವುದು ಮುಗಿಯಿತು.

"ಕೋಣೆಯಲ್ಲಿ ಹೇಳಿದ್ದಕ್ಕಷ್ಟೇ ಅಂಕ ಅಂತ ನಿಯಮ ಮಾಡಿಕೊಂಡಿದ್ದೇವೆ," ಎಂದ.

"ಅದೇ ನ್ಯಾಯ," ಎಂದಳು ಗೇಲ್. "ಪಾಪ, ಇಷ್ಟಪಟ್ಟೇ ಹೇಳುತ್ತಿದ್ದೇನೆ, ಅವಳು ಸ್ವಲ್ಪ ಭಾರ. ಜನ ಇಷ್ಟು ಅನುಭವಿಸಿದ್ದಾರೆ. ಅವರಿಗೆ ಈಗ ಬೆಳಕು ಬೇಕು. ಕುಮುದಾ, ನೀನು ಏನೂ ಹೇಳಲಿಲ್ಲ. ನೀನು ಅವಳ ಹತ್ತಿರದವಳು."

ಎಲ್ಲರೂ ಅವಳ ಕಡೆ ತಿರುಗಿದರು. ಹತ್ತಿರದವಳು ಎಂದರೆ ಏನು? ಇವರಿಗೆ ಏನಾದರೂ ಗೊತ್ತೇ? ಕುಮುದಾ ಅಂಕದ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಹಾಗೇನಿಲ್ಲ," ಎಂದಳು. "ನನಗೂ ಎಲ್ಲರಷ್ಟೇ ಪರಿಚಯ." ಮತ್ತೆ, ಅಷ್ಟು ಸಾಲದೆನ್ನಿಸಿ, "ಪ್ರಣತಿ ಅವರ ಪಾಠಕ್ಕೆ ಹೋಗು ಅಂದರೆ ಬೋರ್ ಅನ್ನುತ್ತಾಳೆ," ಎಂದೂ ಸೇರಿಸಿದಳು. ಪ್ರಣತಿ ಹಾಗೆ ಎಲ್ಲದಕ್ಕೂ ಅನ್ನುತ್ತಿದ್ದಳು.

ಕಪೆಲ್‌ಗೆ ನಾಲ್ಕನೆಯದಕ್ಕೆ ಐದು ಹಾಕಿದಳು. ಪೆನೀನಾಳ ಮುಂದೆ ಎರಡು ಹಾಕಿ, ಮಡಿಸಿ ಕೊಟ್ಟಳು.

ಕಪೆಲ್ ಆಗಲಿ ಎಂಬ ಸಮಿತಿಯ ತೀರ್ಮಾನವನ್ನು ಸಭೆ ಚಪ್ಪಾಳೆ ತಟ್ಟಿ ಒಪ್ಪಿತು. ಪೆನೀನಾಳೂ ಆ ಸಭೆಯಲ್ಲಿ ಕೂತಿದ್ದು ಚಪ್ಪಾಳೆ ತಟ್ಟಿದಳು. ಆಮೇಲೆ ಹರ್ಷೆಲ್ ಅವಳಿಗೆ ಒಂದು ಕೆಲಸ ಕೊಡುವುದಾಗಿ ಹೇಳಿಕಳಿಸಿದ: ಕಪೆಲ್ ಬಂದ ಮೇಲೂ ಆಸ್ಪತ್ರೆ ಮತ್ತು ಸ್ಮಶಾನದ ಕೆಲಸವನ್ನು ನೀವೇ ನೋಡಿಕೊಳ್ಳಬಹುದು, ಅರ್ಧ ಸಂಬಳ. ಮನೆ ಮಾತ್ರ ಮಕ್ಕಳ ಚಿತ್ರಕಲೆಯ ಕೋಣೆಯಾಗಬೇಕಾಗಿದೆ. ಕಪೆಲ್‌ನೇ ಕೇಳಿದ್ದ, ಸಾವಿನ ಕೆಲಸಕ್ಕೆ ಬೇರೆ ಯಾರಾದರೂ ಇದ್ದರೆ ಅನುಕೂಲ ಎಂದು. ಪೆನೀನಾ ಬೇಡ ಎಂದಳು. ಅವಳು ಯಾವುದಕ್ಕಾದರೂ ಬೇಡ ಎಂದದ್ದನ್ನು ಸಭೆಯವರು ಕೇಳಿದ್ದು ಅದೇ ಮೊದಲು. ಕೆಲವರಿಗೆ ಬೇಜಾರಾಯಿತು. ಇಷ್ಟು ಸೊಕ್ಕು ಇತ್ತೇ ಎಂದರು.

ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಕುಮುದಾ ಅವಳನ್ನು ನೋಡಲು ಹೋದಳು. ನೇಥನ್ ಬೇಡ ಎಂದಿದ್ದ. ನಿದ್ದೆ ಸರಿಯಾಗಿ ಬಂದು ವಾರವಾಗಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹೋಗದೆ ಆಗುತ್ತಿರಲಿಲ್ಲ.

ಮನೆಯೊಳಗೆ ರಟ್ಟಿನ ಪೆಟ್ಟಿಗೆಗಳು ಪೇರಿಸಿದ್ದವು. ಪೆನೀನಾ ಮನೆಯಲ್ಲಿರಲಿಲ್ಲ, ಪಾರ್ಕಿಂಗಿನ ಆಚೆ ಬಿಸಿಲಲ್ಲಿ ತಂದೆಯ ಕೈ ಹಿಡಿದು ನಡೆಸುತ್ತಿದ್ದಳು. ಮುದುಕ ಕೋಟು ತೊಟ್ಟಿದ್ದ. ನಾಲ್ಕು ಹೆಜ್ಜೆಗೊಮ್ಮೆ ಸಭಾಂಗಣದ ಕಡೆ ತಿರುಗುತ್ತಿದ್ದ. ಅವಳು ಅವನನ್ನು ಮೆಲ್ಲಗೆ ಬೇಲಿಯ ಕಡೆಗೆ ತಿರುಗಿಸುತ್ತಿದ್ದಳು. ಅವನು ಎಳೆ ಹೋರಿಯ ಹಾಗೆ ಕಾಲು ಊರಿ ನಿಲ್ಲುತ್ತಿದ್ದ.

"ದಾರಿ ಮರೆಸುತ್ತಿದ್ದೇನೆ," ಎಂದಳು ಪೆನೀನಾ, ಕುಮುದಾ ಹತ್ತಿರ ಬಂದಾಗ. "ಹೋದ ಮೇಲೆ ಒಮ್ಮೆಗೇ ಹುಡುಕುವುದಕ್ಕಿಂತ, ಇಲ್ಲಿದ್ದಾಗಲೇ ಮರೆತುಬಿಟ್ಟರೆ ಒಳ್ಳೆಯದು ಅಂತ. ಸ್ಯಾನ್ ಡಿಯೇಗೋದಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿದೆ. ಇವರನ್ನು ಅಲ್ಲೇ ಒಂದು ಆರೈಕೆಯ ಮನೆಗೆ ಸೇರಿಸಬೇಕು. ಅಲ್ಲಿ ಬಾಗಿಲಿಗೆ ಬೀಗ ಹಾಕುತ್ತಾರೆ."

ಝೆಲಿಗ್ ಕುಮುದಾಳನ್ನು ನೋಡಿ, "ಪ್ರಾರ್ಥನೆಗೆ ಹೊತ್ತಾಯಿತು," ಎಂದ. "ಈ ಹೆಂಗಸು ನನ್ನನ್ನು ಬಿಡುತ್ತಿಲ್ಲ."

ಒಳಗೆ ಬಂದು ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಪೆನೀನಾ ಪೆಟ್ಟಿಗೆಗೆ ಟೇಪು ಹಚ್ಚತೊಡಗಿದಳು. ಕುಮುದಾ ಒಂದು ತುದಿ ಹಿಡಿದುಕೊಂಡಳು. ಟೇಪು ಎಳೆದಾಗ ಕರಕರ ಸದ್ದಾಗುತ್ತಿತ್ತು. ಆ ಸದ್ದಿನ ನಡುವೆ ಕುಮುದಾ ಹೇಳಿದಳು:

"ನಾನು ನಾಲ್ಕನೆಯದಕ್ಕೆ ಐದು ಕೊಟ್ಟೆ, ರಬ್ಬಿ. ನಿಮಗೆ ಗೊತ್ತಿರಲಿ."

ಪೆನೀನಾ ಟೇಪು ಕತ್ತರಿಸಿದಳು. "ಹರ್ಷೆಲ್ ಕೂಡ ಐದು ಕೊಟ್ಟನಂತೆ. ನಿನ್ನೆ ಬಂದಿದ್ದ. ಗೇಲ್ ಬೆಳಿಗ್ಗೆ ಬಂದಿದ್ದಳು, ಅವಳೂ ಐದು." ಇನ್ನೊಂದು ಪೆಟ್ಟಿಗೆ ಎಳೆದುಕೊಂಡಳು. "ಜೋನಾ ಒಬ್ಬನೇ, ಎರಡು ಕೊಟ್ಟೆ, ನಿಮ್ಮ ಉತ್ತರ ನನಗೆ ಅರ್ಥವಾಗಲಿಲ್ಲ, ಕ್ಷಮಿಸಿ ಅಂದ. ಅವನಿಗೆ ಕಾಫಿ ಮಾಡಿಕೊಟ್ಟೆ."

ಕುಮುದಾಳ ಮುಖ ಕಾದ ಹಂಚಿನಂತಾಯಿತು. ಏನೋ ಹೇಳಲು ಹೋದಳು, ಬಾಯಿಂದ ಅಳು ಬಂತು. ನಿಂತಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತು ಅತ್ತಳು. ಪೆನೀನಾ ಟೇಪು ಕೆಳಗಿಟ್ಟಳು. ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು. ಬೆನ್ನ ಮೇಲೆ ಕೈ ಇಟ್ಟಳು. ಆ ಕೈ ಎಷ್ಟು ಭಾರ ಹಾಕಬೇಕೋ ಅಷ್ಟೇ ಹಾಕುತ್ತಿತ್ತು. ಅಡುಗೆಮನೆಯ ಸಾಮಾನೆಲ್ಲ ಕಟ್ಟಿಯಾಗಿತ್ತು. ಒಂದು ಪೆಟ್ಟಿಗೆ ಬಿಚ್ಚಿ ಲೋಟ ತೆಗೆದು ನೀರು ಕೊಟ್ಟಳು.

"ಪ್ರಣತಿಯ ದಿನ ಚೆನ್ನಾಗಿ ಆಗುತ್ತದೆ," ಎಂದಳು. "ಕಪೆಲ್ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಾನೆ. ನೀನು ಅದರ ಚಿಂತೆ ಬಿಡು."

"ಆ ದಿನ ನಾನು..." ಎಂದಳು ಕುಮುದಾ, ಲೋಟದಿಂದ ಬಾಯಿ ತೆಗೆದು. ತಾನು ಬಂದದ್ದು ಇದಕ್ಕೇ ಎಂದು ಅವಳಿಗೆ ಆಗ ತಿಳಿಯಿತು. "ನನ್ನ ಅವ್ವ ಹೋದ ದಿನ. ನಿಮ್ಮ ಆಫೀಸಿನಲ್ಲಿ. ನಾನು ಹೇಳಿದ್ದು..."

ಪೆನೀನಾ ಅವಳ ಮುಖವನ್ನೇ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಯಾವ ದಿನ?" ಎಂದಳು.

ನಿಜವಾಗಿ ಮರೆತಳೋ, ಮರೆತಂತೆ ಮಾಡಿದಳೋ ತಿಳಿಯಲಿಲ್ಲ. ಕುಮುದಾ ತಿಳಿದುಕೊಳ್ಳಲು ಹೋಗಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಮುಖ ಒರೆಸಿಕೊಂಡಳು. ಇನ್ನೆರಡು ಪೆಟ್ಟಿಗೆ ಕಟ್ಟಿಸಿ ಹೋಗುತ್ತೇನೆ ಎಂದಳು.

"ಬೇಡ, ನೀನು ಹೊರಡು," ಎಂದಳು ಪೆನೀನಾ. "ಇವತ್ತು ಇನ್ನೂ ಇಬ್ಬರು ಬರುತ್ತೇನೆ ಅಂದಿದ್ದಾರೆ. ಒಬ್ಬರಿದ್ದಾಗ ಇನ್ನೊಬ್ಬರು ಬಂದರೆ ಅವರಿಗೆ ಮಾತಾಡಲು ಆಗುವುದಿಲ್ಲ."

ಕುಮುದಾ ಹೊರಗೆ ಬಂದಳು. ಹಿಂದಿನಿಂದ ಮುದುಕ ಪ್ರಾರ್ಥನೆಗೆ ಹೊತ್ತಾಯಿತೆಂದು ಮತ್ತೆ ಹೇಳುವುದು ಕೇಳಿಸಿತು, ಮತ್ತೆ ಟೇಪಿನ ಸದ್ದು. ಗುಡ್ಡ ಇಳಿಯುವಾಗ ನೇಥನ್ ಫೋನ್ ಮಾಡಿದ. ಹೇಗಿದ್ದಾರೆ ಎಂದು ಕೇಳಿದ.

"ಚೆನ್ನಾಗಿದ್ದಾರೆ," ಎಂದಳು ಕುಮುದಾ. "ಬಹಳ ಸಮಾಧಾನವಾಗಿದ್ದಾರೆ. ಅಪ್ಪನನ್ನೂ ಒಳ್ಳೆ ಕಡೆ ಸೇರಿಸುತ್ತಿದ್ದಾರಂತೆ. ನಾವು ಸುಮ್ಮನೆ ಅಷ್ಟು ಹಚ್ಚಿಕೊಂಡಿದ್ದೆವು."

ಮಾತು ಮುಗಿಸಿದಾಗ ಅವಳಿಗೆ ಹೊಟ್ಟೆ ಹಸಿದದ್ದು ಗೊತ್ತಾಯಿತು. ಕೆಳಗಿನ ರಸ್ತೆಯಲ್ಲಿ ರೊಟ್ಟಿಯಲ್ಲಿ ಬೀನ್ಸ್ ಸುತ್ತಿದ ಬರಿಟೊ ಕೊಂಡು, ಕಾರಿನ ಎಸಿ ಹಾಕಿಕೊಂಡು ಕೂತು, ಕೈಗೆಲ್ಲ ಸೋರಿಸಿಕೊಳ್ಳುತ್ತ ಪೂರ್ತಿ ತಿಂದಳು. ಅಷ್ಟು ರುಚಿಯಾಗಿ ಉಂಡು ಬಹಳ ದಿನವಾಗಿತ್ತು. ಸಾಲದೆಂದು ಇಳಿದು ಹೋಗಿ ಇನ್ನೊಂದಕ್ಕೆ ಹೇಳಿದಳು.